ಮೂಗುದಾರ ಬಿಚ್ಚಿದ ಕಾರು

ನನ್ನ ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಡ್ರೈವಿಂಗ್ ಚೆನ್ನಾಗಿ ಬರುತ್ತದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದನ್ನೆಲ್ಲ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರು ನಮ್ಮ ಮನೆಯಲ್ಲೇ ಇದ್ದಾರೆ. ಮೂವತ್ತು ವರ್ಷ ಅವರು ಟೆಂಪೊ ಓಡಿಸಿದವರು. ಕನಕಪುರದ ಕಡೆಯಿಂದ, ಅಕ್ಕೂರಿನ ಕಡೆಯಿಂದ ರೇಷ್ಮೆಗೂಡಿನ ಚೀಲ ಹೇರಿಕೊಂಡು, ಬೆಳಗಿನ ಹರಾಜಿಗೆ ಮುಂಚೆ ರಾಮನಗರದ ಮಾರ್ಕೆಟ್ಟಿಗೆ ತಲುಪಿಸುವುದು ಅವರ ಕೆಲಸವಾಗಿತ್ತು. ಅಷ್ಟು ವರ್ಷದಲ್ಲಿ ಒಂದು ಕೋಳಿಮರಿಯ ಮೇಲೂ ಚಕ್ರ ಹತ್ತಿಸಿಲ್ಲವಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಲಾಗಾಯ್ತಿನಿಂದ ಆ ಕೋಳಿಮರಿಯ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಒಂದಾದರೂ ಕೋಳಿಮರಿ ಸತ್ತಿದ್ದರೆ ನಮ್ಮ ಕಿವಿಗಳು ಉಳಿಯುತ್ತಿದ್ದವು ಅನ್ನಿಸಿದ್ದುಂಟು.

ನಾನು ಮಾಗಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮೂರು ಇರುವುದು ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ. ಮಾಗಡಿಗೆ ರೈಲಿಲ್ಲ. ಬಸ್ಸಿದೆ, ಅದು ಬಂದರೆ ಬಂತು. ಇಪ್ಪತ್ತು ವರ್ಷ ಆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಉತ್ತರ ಪತ್ರಿಕೆಯ ಕಟ್ಟು ಹಿಡಿದು ನಿಂತು ಸಾಕಾಗಿ, ನಲವತ್ತೇಳನೆಯ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿದೆ. ಗೌರಿಹಬ್ಬಕ್ಕೆ ಮುಂಚೆ ಕಾರು ಕೊಂಡೆ. ನನ್ನ ಸಂಬಳದ ಕಾರು, ಆರ್‌ಸಿ ಪುಸ್ತಕದಲ್ಲಿ ನನ್ನ ಹೆಸರು. ಆದರೆ ಕೀ ಮಾತ್ರ ಮೊದಲ ದಿನದಿಂದಲೇ ಭಾವನ ಶರ್ಟಿನ ಜೇಬಿನಲ್ಲಿ.

“ಒಸಿ ಕೈ ಕುದ್ರಲಿ ಕಣವ್ವ, ಆಮೇಲೆ ಕೊಡ್ತೀನಿ. ರೋಡು ಅಂದ್ರೆ ನಿನ್ ಕರಿಹಲಗೆ ಅಲ್ಲ, ಅಳಿಸಿ ಬರೆಯಾಕೆ,” ಅಂದರು.

ಗಂಡನಿಗೆ ಹೇಳಿದೆ. ಅವರಿಗೆ ಹುಳುಮನೆ ಬಿಟ್ಟರೆ ಬೇರೆ ಲೋಕವಿಲ್ಲ. ರೇಷ್ಮೆಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳು ಎಷ್ಟನೇ ಜ್ವರದಲ್ಲಿದೆ ಎಂದು ನನ್ನ ಗಂಡ ದೂರದಿಂದಲೇ ನೋಡಿ ಹೇಳಬಲ್ಲರು. ಹೆಂಡತಿಯ ಮೈ ಯಾಕೆ ಕಾದಿದೆ ಎಂದು ಹತ್ತಿರದಲ್ಲಿ ನಿಂತರೂ ತಿಳಿಯುವುದಿಲ್ಲ. “ಅಣ್ಣ ಯೋಳ್ತಾನೆ ಅಂದ್ರೆ ಸುಮ್ಕಿರು. ಅವನ್ಗಿಂತ ಗೊತ್ತಾ ನಿಂಗೆ?” ಎಂದು ಸೊಪ್ಪಿನ ಮಂಕರಿ ಎತ್ತಿಕೊಂಡು ಒಳಗೆ ಹೋದರು.

ಹೀಗೆ ನನ್ನ ಕಾರಿನಲ್ಲಿ ನಾನು ಎಡಗಡೆ ಕೂತು ಶಾಲೆಗೆ ಹೋಗತೊಡಗಿದೆ. ಬೆಳಗ್ಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು ಭಾವನ ಉಪಕಾರ. ನಡುವೆ ಕಾರು ಎಲ್ಲೆಲ್ಲಿ ತಿರುಗುತ್ತಿತ್ತೋ, ಯಾರ್ಯಾರ ಮದುವೆ ಮಾತುಕತೆಗೆ ಹೋಗುತ್ತಿತ್ತೋ ನನಗೆ ತಿಳಿಯದು. ಕೀ ಕೇಳಿದ ದಿನವೆಲ್ಲ ಕೋಳಿಮರಿ ಬರುತ್ತಿತ್ತು.

ಮನೆಯಲ್ಲಿ ನನ್ನ ಪರವಾಗಿ ಇದ್ದವರು ಅತ್ತೆ ಒಬ್ಬರೇ. ಎಪ್ಪತ್ತು ದಾಟಿದ್ದರೂ ಹೊಲದ ಕೆಲಸಕ್ಕೆ ಯಾರನ್ನೂ ಕಾಯದ ಹೆಂಗಸು. “ಬೇಗ ಕಲ್ತ್ಕ ಕಣವ್ವ. ನನ್ನ ಚನ್ನಪಟ್ಟಣಕ್ಕೆ ಕರ್ಕೊಂಡೋಗು, ನನ್ ತಂಗಿ ನೋಡ್ಬೇಕು. ಇವನ್ ಜೊತೆ ಓದ್ರೆ ದಾರೀಲಿ ಸಿಕ್ಕೋರ್ಗೆಲ್ಲ ಕಥೆ ಯೋಳ್ತಾ ನಿಂತ್ಕತಾನೆ,” ಎಂದು ಭಾವನ ಎದುರಿಗೇ ಅನ್ನುತ್ತಿದ್ದರು. ಮಗನಾದ್ದರಿಂದ ಅವರು ನಕ್ಕು ಸುಮ್ಮನಾಗುತ್ತಿದ್ದರು.

ಇನ್ನು ಕಾರಿನ ಮಾತು. ಕೊಳ್ಳುವಾಗ ಶೋರೂಮಿನವರು ಅದರ ಪರದೆ ಎಷ್ಟು ದೊಡ್ಡದು, ಹಾಡು ಎಷ್ಟು ಕಡೆಯಿಂದ ಕೇಳಿಸುತ್ತದೆ, ಚಾವಣಿ ಹೇಗೆ ತೆರೆಯುತ್ತದೆ ಎಂದು ಒಂದು ಗಂಟೆ ವರ್ಣಿಸಿದರು. ಚಾವಣಿ ತೆರೆದು ನಮ್ಮ ರಸ್ತೆಯ ಕಲ್ಲಿನ ಲಾರಿಗಳ ಹಿಂದೆ ಹೋಗುವವರು ಯಾರೋ ಕಾಣೆ. ಜೀವ ಉಳಿಸುವ ವಸ್ತುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ನಾನು ಓದಿ ತಿಳಿದದ್ದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ. ನಾನು ಬಸ್ ಟಿಕೆಟ್ಟಿನ ಹಿಂಭಾಗವನ್ನೂ ಓದುವ ಪೈಕಿ.

ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಎಂದು ಅದರ ಹೆಸರು. ಹೆಸರು ಉದ್ದವಾದರೂ ಕೆಲಸ ಸರಳ. ಸ್ಟೀರಿಂಗ್ ಯಾವ ಕಡೆ ತಿರುಗಿದೆ, ಕಾರು ನಿಜವಾಗಿ ಯಾವ ಕಡೆ ಹೋಗುತ್ತಿದೆ ಎಂಬುದನ್ನು ಅದು ಸದಾ ಹೋಲಿಸಿ ನೋಡುತ್ತಿರುತ್ತದೆ. ಎರಡೂ ಒಂದೇ ಆಗಿದ್ದರೆ ತನ್ನ ಪಾಡಿಗೆ ತಾನಿರುತ್ತದೆ. ನೀವು ಬಲಕ್ಕೆ ತಿರುಗಿಸಿದ್ದೀರಿ, ಕಾರು ಜಾರಿಕೊಂಡು ನೇರ ಹೋಗುತ್ತಿದೆ, ಇಲ್ಲವೇ ಅದರ ಹಿಂಭಾಗ ಪಕ್ಕಕ್ಕೆ ಹೊರಳುತ್ತಿದೆ ಅಂದ ಕೂಡಲೇ, ನಾಲ್ಕರಲ್ಲಿ ಯಾವ ಚಕ್ರಕ್ಕೆ ಬೇಕೋ ಆ ಚಕ್ರಕ್ಕಷ್ಟೇ ಬ್ರೇಕ್ ಹಾಕಿ, ಎಂಜಿನ್ನಿನ ಎಳೆತ ತಗ್ಗಿಸಿ, ಕಾರನ್ನು ದಾರಿಗೆ ತರುತ್ತದೆ. ಮನುಷ್ಯನಿಗಿರುವುದು ಒಂದೇ ಬ್ರೇಕ್ ಪೆಡಲು. ಮೂವತ್ತಲ್ಲ, ಮುನ್ನೂರು ವರ್ಷ ಓಡಿಸಿದರೂ ಒಂದು ಚಕ್ರವನ್ನು ಮಾತ್ರ ಆರಿಸಿ ಬ್ರೇಕ್ ಹಾಕುವುದು ಯಾರ ಕಾಲಿಗೂ ಬರುವುದಿಲ್ಲ. ಅದು ದೇವರೇನಲ್ಲ. ಸವೆದ ಟೈರಿಗೂ ಹುಚ್ಚು ವೇಗಕ್ಕೂ ಅದರ ಬಳಿ ಮದ್ದಿಲ್ಲ. ಆದರೆ ಕೆಲಸ ಮಾಡುವ ಮುಂಚೆ ಅದು ಓಡಿಸುವವರ ಅನುಭವ ಕೇಳುವುದಿಲ್ಲ. ಅದು ಕೆಲಸ ಮಾಡುವಾಗ ಮುಂದಿನ ಫಲಕದಲ್ಲಿ ಒಂದು ಪುಟ್ಟ ದೀಪ ಮಿಣುಕುತ್ತದೆ. ಹಿಂದೆ ಎರಡು ಅಂಕುಡೊಂಕು ಗೆರೆ ಬಿಟ್ಟುಕೊಂಡು ಹೋಗುವ ಕಾರಿನ ಚಿತ್ರ.

ಇದನ್ನು ಭಾವನಿಗೆ ವಿವರಿಸಿದೆ. ಆ ಚಿತ್ರ ನೋಡಿ ನಕ್ಕರು. “ಕುಡ್ಕೊಂಡು ಓಡ್ಸೋರ್ ಗಾಡಿ ಇದ್ದಂಗೈತೆ. ಡ್ರೈವಿಂಗ್ ಬರ್ದೋರ್ಗೆ ಮಾಡವ್ರೆ ಕಣವ್ವ ಇದ್ನ. ಕುಂಟ್ರಿಗೆ ಕೋಲ್ ಕೊಟ್ಟಂಗೆ.”

ಹಿಂಗಾರು ಮಳೆಯಲ್ಲಿ ಒಂದು ಘಟನೆ ನಡೆದು ಅವರ ಕೈಗೆ ಅಸ್ತ್ರವೇ ಸಿಕ್ಕಿತು. ಹಿಪ್ಪುನೇರಳೆ ತೋಟದ ಹಾದಿಯ ಕೆಸರಿನಲ್ಲಿ ಕಾರು ಹೂತುಕೊಂಡಿತು. ಚಕ್ರ ಜಾರಿದಂತೆಲ್ಲ ಈ ವ್ಯವಸ್ಥೆ ಎಂಜಿನ್ನಿನ ಎಳೆತ ತಗ್ಗಿಸುತ್ತಿತ್ತು, ಕಾರು ಅಲ್ಲೇ ಏದುಸಿರು ಬಿಡುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಸ್ಟೀರಿಂಗಿನ ಬಲಗಡೆ ಕೆಳಗಿರುವ ಗುಂಡಿಯನ್ನು ಒತ್ತಿ ಹಿಡಿಯಿರಿ ಅಂದರು. ಒತ್ತಿದರು, ಹಳದಿ ದೀಪ ಹತ್ತಿತು, ವ್ಯವಸ್ಥೆ ಆಫ್ ಆಯಿತು. ಚಕ್ರ ಗಿರಗಿರನೆ ತಿರುಗಿ, ಎಲ್ಲರ ಮೈಗೆ ಕೆಸರು ಹಾರಿಸಿ, ಕಾರು ಹೊರಗೆ ಬಂತು. ಕೆಸರಿನಲ್ಲಿ ಹಾಗೆ ಮಾಡುವುದು ಸರಿ ಎಂದು ಪುಸ್ತಕದಲ್ಲೂ ಇದೆ. ಹೊರಗೆ ಬಂದ ಕೂಡಲೇ ಮತ್ತೆ ಆನ್ ಮಾಡಿ ಎಂದು ಅದರ ಮುಂದಿನ ಸಾಲಿನಲ್ಲೇ ಇದೆ. ಆ ಸಾಲು ನಮ್ಮ ಭಾವನಿಗೆ ಬೇಕಾಗಿರಲಿಲ್ಲ.

ಅವತ್ತಿನಿಂದ ಕಾರು ಸ್ಟಾರ್ಟ್ ಮಾಡಿದರೆ ಸಾಕು, ಮೊದಲು ಆ ಗುಂಡಿಯ ಮೇಲೆ ಹೆಬ್ಬೆರಳು. ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ವ್ಯವಸ್ಥೆ ತಾನಾಗಿಯೇ ಆನ್ ಆಗಿರುತ್ತದಾದ್ದರಿಂದ, ಪ್ರತಿ ಸಲವೂ ಒತ್ತಿ ಹಿಡಿಯಬೇಕು. ದೇವರ ಮುಂದೆ ಗಂಟೆ ಬಾರಿಸಿದಷ್ಟು ಶ್ರದ್ಧೆಯಿಂದ ಒತ್ತುತ್ತಿದ್ದರು. “ಮೂಗ್ದಾರ ಬಿಚ್ದೆ ನೋಡು. ಈಗ ಎಂಗೆ ಓಡ್ತದೆ!” ಎಂದು ಪ್ರತಿ ದಿನ ಒಂದೇ ಮಾತು. ಆಯುಧಪೂಜೆಯ ದಿನ ಕಾರಿಗೆಲ್ಲ ಅರಿಶಿನ ಕುಂಕುಮ ಹಚ್ಚಿದರಲ್ಲ, ಎಲ್ಲಕ್ಕಿಂತ ದಪ್ಪ ಕುಂಕುಮ ಬಿದ್ದದ್ದು ಆ ಗುಂಡಿಗೆ.

ನಾನು ಪ್ರತಿ ದಿನ “ಭಾವ, ಅದು ಆನ್ ಇರ್ಲಿ” ಅನ್ನುತ್ತಿದ್ದೆ. ನಮ್ಮ ಕಡೆ ಸೊಸೆಯಂದಿರು ಭಾವನ ಎದುರು ಬಾಯಿ ತೆಗೆಯಬಾರದು ಎಂಬ ಪದ್ಧತಿ ಉಂಟು. ನಾನು ಅದನ್ನು ಯಾವತ್ತೋ ಮುರಿದಿದ್ದೆ. ಈ ಸಂಗತಿಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಡಿಸೆಂಬರ್ ಬಂತು. ನಮ್ಮ ಕಡೆ ಡಾಂಬರು ರಸ್ತೆಗಳೆಲ್ಲ ಒಕ್ಕಣೆಯ ಕಣಗಳಾಗುವ ಕಾಲ ಅದು. ಮಣ್ಣಿನ ಕಣ ಮಾಡಿ, ಸಗಣಿ ಸಾರಿಸಿ, ಕಲ್ಲಿನ ಗುಂಡು ಎಳೆಸುವ ಶ್ರಮ ಈಗ ಯಾರಿಗೂ ಬೇಡ. ರಾಗಿಯನ್ನೋ ಹುರುಳಿಯನ್ನೋ ಹುಲ್ಲುಸಮೇತ ರಸ್ತೆಗೆ ಹರವಿದರೆ ಆಯಿತು, ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಉದುರಿಸುತ್ತವೆ. ಗಾಡಿಗಳು ಹುಲ್ಲು ತಪ್ಪಿಸಿ ಪಕ್ಕದ ಮಣ್ಣಿಗೆ ಇಳಿದು ಹೋಗದಿರಲಿ ಎಂದು ರಸ್ತೆಯ ಅಂಚಿಗೆ ದಪ್ಪ ದಪ್ಪ ಕಲ್ಲು ಬೇರೆ ಇಡುತ್ತಾರೆ. ನಾಲ್ಕು ಲಾರಿ ಹೋದ ಮೇಲೆ ಆ ಹುಲ್ಲು ಎಣ್ಣೆ ಸವರಿದ ನೆಲದಂತೆ ನುಣ್ಣಗಾಗುತ್ತದೆ. ಬೈಕಿನವರು ಬೀಳುತ್ತಾರೆ, ಎದ್ದು ಮೈ ಒದರಿಕೊಂಡು ಬೈದು ಹೋಗುತ್ತಾರೆ, ತಮ್ಮೂರಿಗೆ ಹೋಗಿ ತಾವೂ ಹುಲ್ಲು ಹರವುತ್ತಾರೆ. ನಾಚಿಕೆಯಿಲ್ಲದ ಜನ ನಾವು. ತರಗತಿಯಲ್ಲಿ ಘರ್ಷಣೆಯ ಪಾಠ ಮಾಡುವ ನಾನೂ ವರ್ಷವರ್ಷ ಹರವಿದವಳೇ.

ಒಂದು ಭಾನುವಾರ ಭಾವನಿಗೆ ಏನನ್ನಿಸಿತೋ, “ಬಾ, ಟೆಸ್ಟ್ ಮಾಡ್ತೀನಿ” ಎಂದು ಕೀ ಕೊಟ್ಟು ಪಕ್ಕದಲ್ಲಿ ಕೂತರು. ಸ್ಟಾರ್ಟ್ ಮಾಡಿದವಳು ನಾನಾದ್ದರಿಂದ ಮೂಗುದಾರ ಮೂಗಿನಲ್ಲೇ ಉಳಿಯಿತು. ಪಕ್ಕದೂರು ದಾಟಿದ ಮೇಲೆ ಯಾರದೋ ರಾಗಿಹುಲ್ಲು ರಸ್ತೆಯ ಅರ್ಧಕ್ಕೆ ಹರವಿತ್ತು. ಅದರ ಮೇಲೆ ಹೋಗುತ್ತಿದ್ದಾಗ ಬೇಲಿಯಿಂದ ಒಂದು ಕುರಿ ಎರಡು ಮರಿಗಳ ಸಮೇತ ರಸ್ತೆಗೆ ಇಳಿಯಿತು. ಮಾಡಬಾರದ್ದೆರಡನ್ನೂ ಒಟ್ಟಿಗೆ ಮಾಡಿದೆ. ಬ್ರೇಕನ್ನು ಪೂರ್ತಿ ತುಳಿದೆ, ಸ್ಟೀರಿಂಗನ್ನು ಜಗ್ಗಿ ತಿರುಗಿಸಿದೆ. ಕನ್ನಡಿಗೆ ಕಟ್ಟಿದ್ದ ಅರಗಿನ ಬಣ್ಣದ ಮರದ ಗಿಳಿ ಅಡ್ಡಡ್ಡ ತೂಗಿತು. ನನ್ನ ಬೆನ್ನ ಹಿಂದಿನಿಂದ ಕಾರು ಕಳಚಿ ಹೋಗುತ್ತಿದೆ ಎಂದು ಮೈಗೆ ಗೊತ್ತಾಯಿತು. ಅಷ್ಟರಲ್ಲಿ ಕಾಲಿನ ಕೆಳಗೆ ಗರಗರ ಸದ್ದು, ಫಲಕದಲ್ಲಿ ಮಿಣಿಮಿಣಿ ದೀಪ. ಕಾರು ಒಮ್ಮೆ ನಡುಗಿ, ಮೂತಿ ನೆಟ್ಟಗೆ ಮಾಡಿಕೊಂಡು ನಿಂತಿತು. ಕುರಿ ನಮ್ಮ ಕಡೆ ತಿರುಗಿಯೂ ನೋಡದೆ ಆಚೆ ಬದಿಗೆ ಹೋಯಿತು.

ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಸುಧಾರಿಸಿಕೊಂಡು ಹೇಳಿದ ಮೊದಲ ಮಾತು: “ಓಡ್ಸಿದ್ದು ನೀನಲ್ಲ, ಗಾಡಿ. ಇಳಿ, ಕೀ ಕೊಡು.”

ಮನೆಗೆ ಬಂದು ಜಗಲಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ತೀರ್ಪು ಕೊಟ್ಟರು. “ದೀಪ ಉಳಿಸ್ತು ಇವತ್ತು. ದೀಪ ನಂಬ್ಕಂಡು ಓಡ್ಸೋರು ಡ್ರೈವರ್ ಅಲ್ಲ. ಇನ್ನೊಂದ್ ವರ್ಸ ಈವಮ್ಮಂಗೆ ಕೀ ಕೊಡಾಕಿಲ್ಲ.”

ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. “ಯಾರ್ ಓಡ್ಸುದ್ರೇನ್ಲಾ? ಕುರಿ ಉಳ್ಕತ್ತಲ್ಲ, ಸುಮ್ಕಿರು,” ಅಂದರು. ನನ್ನ ಪಾಲಿಗೆ ಆ ಮನೆಯಲ್ಲಿ ಯಾರಾದರೂ ಆಡಿದ ಅತ್ಯಂತ ಬುದ್ಧಿವಂತ ಮಾತು ಅದು. ಆದರೆ ಕೀ ಭಾವನ ಜೇಬಿಗೆ ಹೋಗಿತ್ತು, ಮಾತಿನಿಂದ ಹೊರಗೆ ಬರುವಂತಿರಲಿಲ್ಲ.

ಆ ವಾರವೆಲ್ಲ ನನ್ನ ಹೊಟ್ಟೆ ಉರಿಯಿತು. ಕುರಿ, ಮರಿಗಳು, ನಾವಿಬ್ಬರು, ಐದು ಜೀವ ಉಳಿದದ್ದು ನನ್ನ ಸೋಲಾಗಿತ್ತು. ಕಿರಾಣಿ ಅಂಗಡಿಯವರು “ಮೇಡಂ, ಕುರಿ ಹೆಂಗೈತೆ?” ಎಂದು ಕೇಳಿದರು. ಅಲ್ಲಿಯವರೆಗೂ ಕಥೆ ಮುಟ್ಟಿಸಿದ್ದರು ನಮ್ಮ ಭಾವ. ನಾನು ಆಗ ಬಯಸಿದ್ದು ಒಂದೇ. ಅವರು ಒಂದು ಸಲ ಜಾರಬೇಕು. ನನ್ನ ಕಣ್ಣೆದುರಿಗೇ ಜಾರಬೇಕು, ಗದ್ದೆಗೋ ಚರಂಡಿಗೋ ಇಳಿಯಬೇಕು, ಆಮೇಲೆ ಕೀ ತೆಗೆದು ನನ್ನ ಕೈಗೆ ಕೊಡಬೇಕು. ಪಾಠ ಮಾಡುವಾಗಲೂ ಇದೇ ಯೋಚನೆ ಮಾಡುತ್ತಿದ್ದೆ.

ಮುಂದಿನ ಶನಿವಾರ ನಮ್ಮ ಹುರುಳಿಯ ಒಕ್ಕಣೆ. ಭಾವ ಕತ್ತಲಿರುವಾಗಲೇ ಗೂಡಿನ ಚೀಲ ಹಾಕಿಕೊಂಡು ಕಾರಿನಲ್ಲಿ ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದರು. ಅಲ್ಲಿಂದ ಬೇರೆ ಕೆಲಸ ಮುಗಿಸಿಕೊಂಡು, ನಮ್ಮೂರಿನ ಮೇಲೆ ಹಾಯದ ಇನ್ನೊಂದು ರಸ್ತೆಯಿಂದ, ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಮಾಗಡಿಗೇ ಬಂದು ನನ್ನನ್ನು ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಬೆಳಗ್ಗೆ ಬಸ್ಸಿಗೆ ಮುಂಚೆ ನಾನೂ ಅತ್ತೆಯೂ ಹೊರೆ ಹೊತ್ತು ರಸ್ತೆಗೆ ಹೋದೆವು. ಪ್ರತಿ ವರ್ಷ ನಾವು ಹರವುವುದು ಊರ ಮುಂದಿನ ನೇರ ರಸ್ತೆಯಲ್ಲಿ. ಅಂದು ಅಲ್ಲಿ ಪಕ್ಕದ ಮನೆಯವರ ರಾಗಿ ಆಗಲೇ ಬಿದ್ದಿತ್ತು. ಜಗಳಕ್ಕೆ ಹೊತ್ತಿರಲಿಲ್ಲ. ಮಾಗಡಿ ಕಡೆಗೆ ಒಸಿ ಮುಂದೆ, ಹೊಂಗೆಮರದ ತಿರುವಿನಲ್ಲಿ ಜಾಗ ಖಾಲಿ ಇತ್ತು.

“ತಿರುವು ಅಲ್ವೇನವ್ವ?” ಅಂದರು ಅತ್ತೆ.

“ಒಂದೊತ್ತು ತಾನೇ ಅತ್ತೆ, ಏನಾಗಲ್ಲ,” ಅಂದೆ ನಾನು.

ನಾನೇ ಹರವಿದೆ. ಅಂಚಿಗೆ ಕಲ್ಲನ್ನೂ ನಾನೇ ಸಾಲಾಗಿ ಇಟ್ಟೆ, ಎಲ್ಲಕ್ಕಿಂತ ದಪ್ಪದ್ದನ್ನು ಇಬ್ಬರೂ ಸೇರಿ ಉರುಳಿಸಿ ತಂದೆವು. ಆ ಕಲ್ಲಿನ ಹಿಂದೆ ಹೊಂಗೆಯ ನೆರಳಿಗೆ ಗೋಣಿತಾಟು ಹಾಸಿಕೊಂಡು, ಹುಲ್ಲು ಮಗುಚಲು ಕವೆಗೋಲು ಹಿಡಿದು ಅತ್ತೆ ಕೂತರು. “ನೀನು ಓಗವ್ವ, ಕಲ್ಲೈತಲ್ಲ, ನಂಗೇನಾಯ್ತದೆ,” ಅಂದರು. ನಾನು ಬಸ್ಸು ಹತ್ತಿದೆ.

ಮಧ್ಯಾಹ್ನ ಭಾವ ಶಾಲೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡಿದ್ದರು. ಗೂಡಿಗೆ ಒಳ್ಳೆ ರೇಟು ಬಂದು ಖುಷಿಯಲ್ಲಿದ್ದರು. ಸ್ಟಾರ್ಟ್ ಮಾಡಿದರು. ಹೆಬ್ಬೆರಳು ಗುಂಡಿಗೆ ಹೋಯಿತು. ಹಳದಿ ದೀಪ ಹತ್ತಿತು. “ಮೂಗ್ದಾರ ಬಿಚ್ದೆ. ಕುರಿ ಗಿರಿ ಬಂದ್ರೆ ಯೋಳವ್ವ, ಒಸಿ ನೋಡ್ಕೊಂಡು ಓಡುಸ್ತೀನಿ,” ಎಂದು ನಕ್ಕರು.

ದಿನಾ ಅನ್ನುತ್ತಿದ್ದ “ಅದು ಆನ್ ಇರ್ಲಿ” ಎಂಬ ಮಾತು ಅಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ತಿರುವಿನಲ್ಲಿ ಹುಲ್ಲು ಹರವಿದ್ದೇನೆ ಎಂಬುದನ್ನೂ ಹೇಳಲಿಲ್ಲ. ಅದು ನೇರ ರಸ್ತೆಯಲ್ಲಿದೆ ಎಂದೇ ಅವರು ತಿಳಿದಿದ್ದರು. ಅತ್ತೆ ಆ ಹೊತ್ತಿಗೆ ಊಟಕ್ಕೆ ಮನೆಗೆ ಹೋಗಿರುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಇದನ್ನು ನಂಬಿ ಎಂದು ಕೇಳುವ ಮುಖ ನನಗಿಲ್ಲ. ಆದರೆ ಅಂದುಕೊಂಡಿದ್ದು ನಿಜ.

ದಾರಿಯುದ್ದಕ್ಕೂ ಅವರು ಮಾತಾಡುತ್ತಿದ್ದರು, ನಾನು ಹೂಂಗುಡುತ್ತಿದ್ದೆ. ಹೊಂಗೆಮರದ ತುದಿ ದೂರದಲ್ಲಿ ಕಂಡಿತು. ಎಡಗೈ ಮೇಲೆತ್ತಿ, ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಮಾಡಿದ್ದು ಅಷ್ಟೇ.

ಬಲಕ್ಕೆ ಹೊರಳುವ ತಿರುವು. ಎದುರಿನಿಂದ ಕಲ್ಲಿನ ಟಿಪ್ಪರ್ ಬಂತು. ಭಾವ ಎಡಕ್ಕೆ ಸರಿದರು, ನಾಲ್ಕೂ ಚಕ್ರ ನುಣುಪಾದ ಹುರುಳಿಹುಲ್ಲಿನ ಮೇಲೆ ಹೋದವು. ಬ್ರೇಕ್ ತುಳಿದು ಸ್ಟೀರಿಂಗ್ ತಿರುಗಿಸಿದರು. ಹಿಂದಿನ ಭಾನುವಾರ ನಾನು ಮಾಡಿದ್ದನ್ನೇ ಮಾಡಿದರು, ನನಗಿಂತ ಚೆನ್ನಾಗಿ ಮಾಡಿದರು. ಹಿಂಭಾಗ ಹೊರಳಿದ್ದು ತಿಳಿದ ಕ್ಷಣವೇ ಸ್ಟೀರಿಂಗನ್ನು ವಾಪಸು ತಿರುಗಿಸಿದ ಅವರ ಕೈಚಳಕ ನಾನು ನೋಡಿದೆ. ಬರಿ ಡಾಂಬರಿನ ಮೇಲಾಗಿದ್ದರೆ ಕಾರು ಕೇಳುತ್ತಿತ್ತು. ಹುಲ್ಲು ಯಾರ ಕೈಯ ಮಾತನ್ನೂ ಕೇಳಲಿಲ್ಲ. ಮಿಣುಕುವ ದೀಪವಿಲ್ಲ, ಹಳದಿ ದೀಪವೊಂದೇ ನೆಟ್ಟಗೆ ಉರಿಯುತ್ತಿತ್ತು. ಗಿಳಿ ಗಾಜಿಗೆ ಬಡಿದು ಎರಡು ಹೋಳಾಯಿತು. ಕಾರಿನ ಹಿಂಭಾಗ ಎಡಕ್ಕೆ ಬೀಸಿಕೊಂಡು ಹೋಗಿ ಆ ದಪ್ಪ ಕಲ್ಲಿಗೆ ಹೊಡೆಯಿತು. ಕಲ್ಲು ಉರುಳಿತು.

ರಸ್ತೆಗೆ ಅಡ್ಡವಾಗಿ ನಿಂತ ಕಾರಿನೊಳಗೆ ನನ್ನ ಮನಸ್ಸಿಗೆ ಬಂದ ಮೊದಲ ಭಾವನೆ ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಜಾರಿದರಲ್ಲ, ಕೊನೆಗೂ ಜಾರಿದರಲ್ಲ ಎಂದು ಭಾವನ ಮುಖ ನೋಡಲು ತಿರುಗಿದೆ. ಆಗ ಕಲ್ಲಿನ ಕಡೆಯಿಂದ ಅತ್ತೆಯ ಕೂಗು ಕೇಳಿಸಿತು.

ಕಲ್ಲು ಅವರ ಬಲಗಾಲಿನ ಮೇಲೆ ಹೊರಳಿತ್ತು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಇಬ್ಬರೂ ಸೇರಿ ಕಲ್ಲು ಸರಿಸಿ ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಭಾವ ಮುಂದೆ ಕೂತು ಕೀಗೆ ಕೈ ಹಾಕಿದವರು ಅದನ್ನು ತಿರುಗಿಸದೆ ಕಿತ್ತುಕೊಂಡರು. ಕೆಳಗಿಳಿದು ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತು ಅತ್ತರು. ನಾನು ಬಯಸಿದ್ದು ಬಯಸಿದ ಹಾಗೆಯೇ ಕೈಗೆ ಬಂದಿತ್ತು. ಸ್ಟಾರ್ಟ್ ಮಾಡಿದೆ. ಹಳದಿ ದೀಪ ಆರಿತು. ಹುಲ್ಲಿನಿಂದ ಹೊರಗೆ ಬರುವಾಗ ಚಕ್ರ ಜಾರಿ ಆ ಪುಟ್ಟ ದೀಪ ಒಂದು ಸಲ ಮಿಣುಕಿತು, ಕಾರು ನೆಟ್ಟಗೆ ಹೋಯಿತು. ರಾಮನಗರದ ಆಸ್ಪತ್ರೆಯವರೆಗೆ ನಾನೇ ಓಡಿಸಿದೆ.

ಕಾಲಿಗೆ ರಾಡು ಹಾಕಿದರು. ನೋಡಲು ಬಂದ ನೆಂಟರೆಲ್ಲ ಭಾವನ ಕಡೆಗೇ ಮಾತಾಡಿದರು. ಹುಲ್ಲು ಹರವಿದವರದ್ದು ತಪ್ಪು ಅಂದರು, ಅದು ನಾನೇ ಎಂದು ತಿಳಿದ ಮೇಲೆ ನನ್ನ ಮುಖ ನೋಡಿ ಅಂದರು. ಭಾವ ಟೀ ಅಂಗಡಿಯಲ್ಲಿ ಕೂತು, “ಹುಲ್ಲಿನ್ ಮ್ಯಾಲೆ ಯಾವ್ ಡ್ರೈವರ್ ಆದ್ರೂ ಅಷ್ಟೆ ಕಣ್ಲಾ. ಎಂಥೋನಾದ್ರೂ ಅಷ್ಟೆ,” ಎಂದು ಹೇಳಿಕೊಂಡು ತಿರುಗಿದರು. ನನಗೆ ಮೈಯೆಲ್ಲ ಉರಿಯಿತು. ಮೂರು ತಿಂಗಳಿಂದ ನಾನು ಬಡಕೊಂಡದ್ದು ಇದನ್ನೇ ಅಲ್ಲವೇ? ಹುಲ್ಲಿನ ಮೇಲೆ ಎಂಥ ಡ್ರೈವರೂ ಅಷ್ಟೇ, ಅದಕ್ಕೇ ಆ ವ್ಯವಸ್ಥೆ ಎಲ್ಲರಿಗೂ ಬೇಕು. ಓಡಿಸಲು ಬರುವವರಿಗೂ, ಬಾರದವರಿಗೂ, ಕೋಳಿಮರಿ ಉಳಿಸಿದವರಿಗೂ.

ನಾನೇನು ಸುಮ್ಮನಿರಲಿಲ್ಲ. ಬಂದ ಬಂದವರಿಗೆಲ್ಲ ಗುಂಡಿಯ ಕಥೆ ಹೇಳಿದೆ. ಅವರು ಹೇಗೆ ಒತ್ತುತ್ತಿದ್ದರು, ನಾನು ಹೇಗೆ ದಿನಾ ಬೇಡ ಅನ್ನುತ್ತಿದ್ದೆ, ಪುಸ್ತಕದಲ್ಲಿ ಏನು ಬರೆದಿದೆ, ಎಲ್ಲವನ್ನೂ ಹೇಳಿದೆ. ಗಂಡನನ್ನು ಹುಳುಮನೆಯಿಂದ ಎಳೆದು ತಂದು ಕಾರಿನಲ್ಲಿ ಕೂರಿಸಿ ತೋರಿಸಿದೆ. ದಿನಾ ಬೇಡ ಅನ್ನುತ್ತಿದ್ದೆ ಎಂಬಲ್ಲಿಗೆ ಕಥೆ ನಿಲ್ಲಿಸುತ್ತಿದ್ದೆ. ಆ ಶನಿವಾರ ಅಂದೆಯಾ ಎಂದು ಯಾರೂ ಕೇಳಲಿಲ್ಲ. ಭಾವ ಮತ್ತೆ ಆ ಕಾರನ್ನು ಮುಟ್ಟಲಿಲ್ಲ. ನನ್ನ ಎದುರಿಗೆ ಬಂದರೆ ತಲೆ ತಗ್ಗಿಸಿ ಪಕ್ಕಕ್ಕೆ ಹೋಗುತ್ತಾರೆ. ನನಗೆ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದರೆ ಅದು ಯಾವ ಕಡೆ ತಿರುಗುತ್ತದೆ ಎಂದು ನನಗೆ ಗೊತ್ತು.

ಯುಗಾದಿ ಕಳೆದ ಮೇಲೆ ಅತ್ತೆ ಕೋಲು ಹಿಡಿದು ನಡೆಯತೊಡಗಿದರು. ಒಂದು ದಿನ ರಾಮನಗರದಲ್ಲಿ ಡಾಕ್ಟರಿಗೆ ಕಾಲು ತೋರಿಸಿ, “ಇಷ್ಟ್ ದೂರ ಬಂದಿವಿ, ಚನ್ನಪಟ್ಟಣಕ್ಕೇ ಓಗ್ಬುಟ್ಟು ಬರಾನ,” ಅಂದರು. ಕೋಲನ್ನು ಹಿಂದಿನ ಸೀಟಿಗೆ ಹಾಕಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅವರಿಗೆ ಬಹಳ ಖುಷಿಯಾಗಿತ್ತು. ದಾರಿಯಲ್ಲಿ ಆ ವರ್ಷದ ಮೊದಲ ಮಳೆ ಸುರಿಯಿತು. ಒಂದು ಕಡೆ ರಸ್ತೆಗೆ ಮಣ್ಣು ಕೊಚ್ಚಿ ಬಂದು ಕೆಸರಾಗಿತ್ತು. ಅದರ ಮೇಲೆ ತಿರುಗಿಸುವಾಗ ಕಾರು ಕೊಂಚ ಜಾರಿತು, ದೀಪ ಮಿಣುಕಿತು, ಕಾರು ಸರಿಯಾಯಿತು.

“ಅದೇನವ್ವ ಅದು, ಮಿಣಿಮಿಣಿ ಅಂತು?”

ವಿವರಿಸಿದೆ. ತರಗತಿಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

“ಅಂಗಾರೆ ಅವತ್ತು ಯಾಕವ್ವ ಇದು ಸುಮ್ಕಿತ್ತು?”

“ಭಾವ ಆಫ್ ಮಾಡಿದ್ರು ಅತ್ತೆ.”

“ಮಾಡ್ದಾಗ ನೀನು ಕಂಡ್ಯಾ?”

“ಕಂಡೆ,” ಅಂದೆ.

“ಹುಲ್ಲು ತಿರುವ್ನಾಗೈತೆ ಅಂತ ಅವನ್ಗೆ ಯೋಳಿದ್ಯಾ?”

“ಇಲ್ಲ.”

ಅತ್ತೆ ಮುರಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡರು. ಕಿಟಕಿಯ ಕಡೆ ಮುಖ ಮಾಡಿಕೊಂಡರು. ಚನ್ನಪಟ್ಟಣ ಹತ್ತಿರವಾದಾಗ, ನನ್ನ ಕಡೆ ತಿರುಗದೆ ಹೇಳಿದರು:

“ಅಂಗಾರೆ ಅವತ್ತು ಇಬ್ರೂ ಸೇರ್ಕಂಡೇ ಓಡ್ಸುದ್ರಿ ಅನ್ನು.”